ಡಿಪ್ಲೊಮಾದವರ ಮನೆತನ

ನಮ್ಮ ಕಾಲದ ಚಾಮರಾಜಪೇಟೆಯಲ್ಲಿ ಹುಡುಗರದು ಎರಡೇ ಪಂಗಡ: ಇಂಜಿನಿಯರಿಂಗ್ ಸಿಕ್ಕವರು, ಎಸ್‌ಜೆಪಿ ಪಾಲಿಟೆಕ್ನಿಕ್‌ಗೆ ಹೋದವರು. ನಾನು ಎರಡನೆಯ ಪಂಗಡ. ನಾಲ್ಕನೇ ಮೇನ್‌ನಲ್ಲಿ ಪ್ರೆಸ್ ಇಟ್ಟಿದ್ದ ಚಿಕ್ಕಪ್ಪ ಮಾತ್ರ, "ಬಿಡೋ, ಕೈಗೆ ಎಣ್ಣೆ ಹತ್ತಿಸಿಕೊಂಡವನು ಉಪವಾಸ ಬೀಳಲ್ಲ" ಅಂದಿದ್ದರು. ಪೇಟೆಯ ಉಳಿದವರು ಪಾಪ ಅಂದರು.

ಡಿಪ್ಲೊಮಾದವರ ಈ ಮನೆತನದ ಮೂಲ ಹುಡುಕಿದರೆ ಮೈಸೂರಿಗೇ ಹೋಗಬೇಕು. ಅಲ್ಲೊಂದು ಇಂಡಸ್ಟ್ರಿಯಲ್ ಸ್ಕೂಲು, ಇನ್ನೊಂದು ಎಂಜಿನಿಯರಿಂಗ್ ಸ್ಕೂಲು. ಎರಡೂ ಕೂಡಿ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಆಯಿತು. ನಮ್ಮ ಪೇಟೆಗೆ ಯಾರ ಹೆಸರೋ ಅದಕ್ಕೂ ಅವರದೇ. ಅದರ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ಪ್ರಿನ್ಸ್ ಆಫ್ ವೇಲ್ಸ್, ಮುಂದೆ ಐದನೇ ಜಾರ್ಜ್ ಆದವರು. ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಂನಲ್ಲಿ ಗಂಧದ ಆನೆಗೆ ಚೌಕಾಸಿ ಮಾಡುವವರು ನಿಂತಿರುವುದು ಆ ಕಟ್ಟಡದಲ್ಲೇ. ಚಿತ್ರಕಾರ ಕೆ. ವೆಂಕಟಪ್ಪನವರು ಕಲ್ಕತ್ತೆಗೆ, ಅವನೀಂದ್ರನಾಥ ಟ್ಯಾಗೋರರ ಬಳಿಗೆ ಹೋಗುವ ಮುನ್ನ ಕಲಿತದ್ದು ಮೈಸೂರಿನ ಈ ಪರಂಪರೆಯಲ್ಲಿ. ಆ ಇನ್‌ಸ್ಟಿಟ್ಯೂಟಿನ ಕಲಾ ಶಾಖೆಯೇ ಕೊನೆಗೆ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಆಯಿತು.

ಶಾಲೆಗಳನ್ನು ಕೂಡಿಸುವುದೆಂದರೆ ಕೂಡುಕುಟುಂಬ ಕಟ್ಟಿದ ಹಾಗೆ. ಕೆತ್ತನೆಯ ಹುಡುಗ ಅಳತೆಯ ನಕ್ಷೆ ಕಲಿಯುತ್ತಾನೆ, ನಕ್ಷೆಯವನಿಗೆ ಮರದ ಎಳೆ ಗೊತ್ತಾಗುತ್ತದೆ, ಅದು ಲಾಭ. ಬೀಗದ ಕೈ ಮಾತ್ರ ಸರ್ಟಿಫಿಕೇಟ್ ಇದ್ದವನ ಸೊಂಟಕ್ಕೇ ಹೋಗುತ್ತದೆ. ಉಳಿ ಹಿಡಿದವನು ಹಿಂದಿನ ಸಾಲಿಗೆ.

ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಇನ್ನೊಂದು ದಾರಿ ಹಿಡಿದರು: ಬೇರೆ ಬೇರೆ ಕಸುಬುಗಳನ್ನು ಮೊದಲಿಂದಲೇ ಒಂದೇ ಸೂರಿನಡಿ ಇಡುವುದು. ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಇದಕ್ಕೇ ಬಿಟ್ಟುಕೊಟ್ಟರು. ತಮ್ಮ ಹೆಸರಿಡುವುದು ಬೇಡ, ಜಯಚಾಮರಾಜೇಂದ್ರರ ಹೆಸರಿಡಿ ಎಂದರು. ಹೀಗೆ 1943ರಲ್ಲಿ ಕೆ.ಆರ್. ಸರ್ಕಲ್ ಬಳಿ ಬಂದದ್ದು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್, ಅಂದರೆ ಎಸ್‌ಜೆಪಿ. ನಮ್ಮ ಹಿರಿಯರ ಬಾಯಲ್ಲಿ ಕೊನೆತನಕ 'ಆಕ್ಯುಪೇಷನಲ್' ಅಷ್ಟೇ.

ಅಲ್ಲಿ ಸಿನಿಮಾ ಛಾಯಾಗ್ರಹಣ, ಧ್ವನಿಗ್ರಹಣವೂ ಪಾಠ! ಲೇತ್ ಇದ್ದ ಕಾಂಪೌಂಡಿನಲ್ಲೇ ಕ್ಯಾಮೆರಾ. ಮೊದಮೊದಲ ಬ್ಯಾಚಿನ ಮೈಸೂರಿನ ಹುಡುಗ ವಿ.ಕೆ. ಮೂರ್ತಿ ಮುಂಬಯಿಗೆ ಹೋಗಿ ಗುರುದತ್ತರಿಗೆ 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಗೋವಿಂದ ನಿಹಲಾನಿ ಕೂಡ 1962ರಲ್ಲಿ ಇಲ್ಲಿಂದಲೇ ಡಿಪ್ಲೊಮಾ ಪಡೆದು ಮೂರ್ತಿಯವರಿಗೆ ಸಹಾಯಕರಾದರು. ಪೇಟೆಯವರು ಇವರನ್ನೂ ಪಾಪ ಅಂದಿದ್ದರೋ ಏನೋ.

ನಮ್ಮ ಪಾಲಿಗೆ ಬಂದದ್ದು ಕ್ಯಾಮೆರಾ ಅಲ್ಲ, ಫೈಲು. ಕಬ್ಬಿಣದ ತುಂಡನ್ನು ವೈಸಿಗೆ ಬಿಗಿದು ಉಜ್ಜಬೇಕು. ಉಜ್ಜಿ, ಟ್ರೈಸ್ಕ್ವೇರ್ ಆನಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಬೇಕು. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮೇಷ್ಟ್ರು ತುಂಡನ್ನು ವಾಪಸ್ ಬೆಂಚಿಗೆ ಒಗೆಯುತ್ತಿದ್ದರು. ಹೊಸಬನ ಕೈಯಲ್ಲಿ ಫೈಲು ತೂಗುಯ್ಯಾಲೆಯಾಡುತ್ತದೆ. ತುಂಡಿನ ಅಂಚು ಸವೆದು ನಡು ಉಬ್ಬುತ್ತದೆ. ಅದನ್ನು ಸಮ ಮಾಡಲು ಹೋದರೆ ಅಳತೆ ತಪ್ಪುತ್ತದೆ. ಎಚ್‌ಎಎಲ್, ಎಚ್‌ಎಂಟಿಯಂಥ ಕಾರ್ಖಾನೆಗಳಿಗೆ ಬೇಕಿದ್ದದ್ದು ಈ ತಪ್ಪನ್ನು ಕಣ್ಣಲ್ಲೇ ಹಿಡಿಯುವವರು.

ಕೂಡಿದ ಮನೆ ಮತ್ತೆ ಪಾಲಾಗುವುದೂ ಉಂಟು. ಸಿನಿಮಾ ವಿಭಾಗ ಎಸ್‌ಜೆಪಿಯಿಂದ ಹೊರಬಿದ್ದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಆಯಿತು. ಬ್ರಿಟನ್ನಿನಲ್ಲಿ ಬೇರೆಯೇ ಕಥೆ: 1960ರ ದಶಕದ ಕೊನೆಯಿಂದ ಊರೂರಿನ ಟೆಕ್ನಿಕಲ್, ಕಲಾ, ವಾಣಿಜ್ಯ ಕಾಲೇಜುಗಳನ್ನು ಕೂಡಿಸಿ ಪಾಲಿಟೆಕ್ನಿಕ್ ಮಾಡಿದರು, 1992ರಲ್ಲಿ ಅವೆಲ್ಲ ವಿಶ್ವವಿದ್ಯಾಲಯಗಳಾದವು. 'ಪಾಲಿಟೆಕ್ನಿಕ್' ಎಂಬ ಬೋರ್ಡು ಅವರಿಗೂ ಮರ್ಯಾದೆ ಸಾಲದೇ ಹೋಯಿತು, ನೋಡಿ.

ಇಲ್ಲಿ ಈಗ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ನಮ್ಮಣ್ಣನ ಮೊಮ್ಮಗ ಹಾಗೇ ಹೋದ. ವರ್ಕ್‌ಶಾಪಿನಲ್ಲಿ ಪಿಯುಸಿಯಿಂದ ಬಂದವರು ಮೊದಲು ತನ್ನ ಬೆಂಚಿಗೇ ಬಂದು ನಿಲ್ಲುತ್ತಾರೆ ಅಂತ ಜಂಬ ಕೊಚ್ಚಿಕೊಳ್ಳುತ್ತಾನೆ. ಕೊಚ್ಚಿಕೊಳ್ಳಲಿ.