ಗಾಳಿಯ ಬಾಯಾರಿಕೆ

ದೊಡ್ಡಬಳ್ಳಾಪುರ, ಕೋಲಾರದ ಕಡೆಯ ಯಾವುದಾದರೂ ಪಾಲಿಹೌಸ್‌ನೊಳಗೆ ಬೇಸಿಗೆಯ ಮಧ್ಯಾಹ್ನ ಕಾಲಿಟ್ಟರೆ ಬೆವರು ಕಿತ್ತುಕೊಂಡು ಬರುತ್ತದೆ. ಆದರೂ ಅಲ್ಲಿನ ಕ್ಯಾಪ್ಸಿಕಂಗೆ ಸಾಮಾನ್ಯವಾಗಿ ಬಯಲಿನ ಬೆಳೆಗಿಂತ ಕಡಿಮೆ ನೀರು ಸಾಕು. ಸೆಕೆ ಹೆಚ್ಚಿದ್ದ ಕಡೆ ನೀರೂ ಹೆಚ್ಚು ಬೇಕಲ್ಲವೇ?

ಗಿಡ ಬೇರಿನಿಂದ ಎಳೆದುಕೊಂಡ ನೀರಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಎಲೆಯ ಪತ್ರರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಕಾಂಡ, ಕಾಯಿಗಳಲ್ಲಿ ಉಳಿಯುವುದು ಅಲ್ಪಸ್ವಲ್ಪ. ಹಾಗಾಗಿ ನೀರಿನ ಲೆಕ್ಕ ಬರೆಯುವುದು ಬಹುಮಟ್ಟಿಗೆ ಸುತ್ತಲಿನ ಹವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ವಿಜ್ಞಾನಿ ಹೊವಾರ್ಡ್ ಪೆನ್‌ಮನ್ 1948ರಲ್ಲಿ ಈ ಲೆಕ್ಕವನ್ನು ಎರಡಾಗಿ ಬಿಡಿಸಿಟ್ಟರು. ಒಂದು, ಬಿಸಿಲು ಕೊಡುವ ಶಾಖ. ಇನ್ನೊಂದು, ಆವಿಯನ್ನು ಹೀರಿ ಹೊತ್ತೊಯ್ಯುವ ಗಾಳಿಯ ಕಸುವು.

ಪಾಲಿಹೌಸ್ ಎರಡಕ್ಕೂ ಕೈಹಾಕುತ್ತದೆ. ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೂತ ದೂಳು, ಪೈಪುಗಳ ನೆರಳು ಎಲ್ಲ ಸೇರಿ ಬಿಸಿಲಿನ ಒಂದು ದೊಡ್ಡ ಪಾಲನ್ನು ತಡೆಯುತ್ತವೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಶಾಖ ಬೇಕು. ಬಿಸಿಲು ಸೊರಗಿದರೆ ಆವಿಯೂ ಸೊರಗುತ್ತದೆ. ಇನ್ನು ಗಾಳಿ ಒಳಗೆ ನಿಂತೇ ಇರುತ್ತದೆ ಎನ್ನಬಹುದು. ಎಲೆ ಬಿಟ್ಟ ಆವಿ ಎಲೆಯ ಬಳಿಯೇ ಸುಳಿದಾಡುತ್ತ, ಹಿಂದಿನಿಂದ ಬರುವ ಆವಿಗೆ ಅಡ್ಡ ನಿಲ್ಲುತ್ತದೆ. ಮಳೆಗಾಲದಲ್ಲಿ ಪಡಸಾಲೆಯೊಳಗೆ ಹರವಿದ ಬಟ್ಟೆ ಒಣಗದಿರುವ ಕತೆಯೇ ಇದು.

ಆದರೆ ಗಾಳಿಯ ತೇವವನ್ನು ಶೇಕಡಾವಾರು ಓದಿ ಸಮಾಧಾನಪಡುವಂತಿಲ್ಲ. ಮೀಟರ್ 60 ಎಂದು ತೋರಿಸುತ್ತಿದೆ ಎಂದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಗಾಳಿ ತುಂಬಿಕೊಳ್ಳಲು ಇನ್ನೂ 0.94 ಕಿಲೋಪಾಸ್ಕಲ್‌ನಷ್ಟು ಆವಿ ಬೇಕು. 35 ಡಿಗ್ರಿಯಲ್ಲಿ, ಅದೇ 60ಕ್ಕೆ, ಈ ಕೊರತೆ 2.25. ಮೀಟರಿನ ಅಂಕಿ ಕದಲಲಿಲ್ಲ, ಗಾಳಿಯ ಬಾಯಾರಿಕೆ ಮಾತ್ರ ಎರಡು ಪಟ್ಟು ದಾಟಿತು! ಬೆಳೆಗಾರರು ವಿಪಿಡಿ ಎಂದು ಕರೆಯುವುದು ಈ ಕೊರತೆಯನ್ನೇ. ಸುಮಾರು 0.5ರಿಂದ 1.2ರವರೆಗೆ ಇದ್ದರೆ ಹೆಚ್ಚಿನ ಬೆಳೆಗಳು ನೆಮ್ಮದಿಯಾಗಿರುತ್ತವೆ.

ಅದು ಮೀರಿ ಏರಿದರೆ ಗಿಡ ಪತ್ರರಂಧ್ರಗಳನ್ನು ಮುಚ್ಚತೊಡಗುತ್ತದೆ. ನೀರು ಉಳಿಯಿತೆಂದು ಹಿಗ್ಗಬೇಡಿ. ಇಂಗಾಲದ ಡೈಆಕ್ಸೈಡ್ ಒಳಬರುವುದೂ ಅದೇ ಬಾಗಿಲಿನಿಂದ. ಅದು ಮುಚ್ಚಿದರೆ ಗಿಡದ ಅಡುಗೆಮನೆಯೂ ಮುಚ್ಚಿದಂತೆ. ತೀರಾ ಇಳಿದರೆ ಬೇರೊಂದು ಪೇಚು. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಮೇಲೇರುವುದು ಈ ನೀರಿನ ಹರಿವಿನ ಜೊತೆಗೇ. ಹರಿವು ಕುಂಠಿತವಾದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ ಎಳೆಯ ಎಲೆಯ ಅಂಚು ಸುಡಬಹುದು. ಎಲೆಗಳ ಮೇಲೆ ಹನಿ ಕೂತರಂತೂ ಬೂದುಬಣ್ಣದ ಬೂಷ್ಟಿಗೆ ಹಬ್ಬ.

ತಂಪು ಮಾಡುವ ಉಪಾಯಗಳಿಗೂ ನೀರು ಬೇಕೆಂಬುದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ. ಒದ್ದೆ ಪ್ಯಾಡ್ ಮೂಲಕ ಫ್ಯಾನ್ ಗಾಳಿ ಎಳೆಯುವ ವ್ಯವಸ್ಥೆ ಒಣ ಸೀಮೆಯಲ್ಲಿ ಬೆಳೆಗಿಂತ ಹೆಚ್ಚು ನೀರು ಕುಡಿಯುವುದುಂಟು. ಬೆಂಗಳೂರಿನ ಸುತ್ತಿನ ಎತ್ತರದ ನೆಲಕ್ಕೆ ಬಹುಪಾಲು ದಿನ ಪಕ್ಕದ ಪರದೆ ಎತ್ತಿ, ಮೇಲಿನ ಕಿಂಡಿ ತೆರೆದಿಟ್ಟರೆ ಸಾಕು. ರಾಯಚೂರಿನ ಬಿಸಿಲಿಗೆ ಈ ಮಾತು ಹೊಂದುವುದಿಲ್ಲ.

ನನಗೆ ವಿಚಿತ್ರವೆನಿಸುವುದು ಗಡಿಯಾರ ನೋಡಿ ಡ್ರಿಪ್ ಬಿಡುವ ರೂಢಿ. ನೆದರ್ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ ಬಿದ್ದ ಬಿಸಿಲನ್ನು ಸೆನ್ಸರ್ ಕೂಡುತ್ತ ಹೋಗುತ್ತದೆ; ಮೊತ್ತ ನಿಗದಿತ ಮಟ್ಟ ಮುಟ್ಟಿದಾಗ ನೀರು ಹರಿಯುತ್ತದೆ. ಒಂದು ಎಕರೆಯಲ್ಲಿ ಚದರ ಮೀಟರಿಗೆ ಒಂದು ಲೀಟರ್ ಹೆಚ್ಚು ಬಿಟ್ಟರೂ ದಿನಕ್ಕೆ ಸುಮಾರು 4,000 ಲೀಟರ್ ವ್ಯರ್ಥ. ಮೋಡ ಮುಚ್ಚಿದ ಜುಲೈನಲ್ಲಿ ಏಪ್ರಿಲ್‌ನಷ್ಟೇ ಹೊತ್ತು ವಾಲ್ವ್ ತೆರೆದಿಟ್ಟರೆ, ಆ ನೀರಿನ ಜೊತೆಗೆ ದುಬಾರಿ ರಸಗೊಬ್ಬರವೂ ಬೇರಿನ ಕೈಗೆ ಸಿಗದೆ ಕೆಳಗಿಳಿಯುತ್ತದೆ.