ಹೊಳೆ ಕಡಲನ್ನು ಸೇರಿದ ಮೇಲೆ

ಮಳೆಗಾಲದಲ್ಲಿ ಅಳಿವೆಯ ಬಳಿ ನಿಂತು ನೋಡಿದವರಿಗೆ ಒಂದು ವಿಷಯ ಗಮನಕ್ಕೆ ಬಂದಿರಬಹುದು. ಹೊಳೆಯ ಕೆಂಪು ನೀರು ಕಡಲಿಗೆ ಬಿದ್ದ ಕೂಡಲೇ ಮಾಯವಾಗುವುದಿಲ್ಲ. ದೂರದವರೆಗೂ ಬೇರೆಯಾಗಿಯೇ ಕಾಣುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಬರುವ ಪಯಸ್ವಿನಿಯು ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲನ್ನು ಕೂಡುವಾಗಲೂ ಹೀಗೆಯೇ. ಕಾರಣ ಸರಳವಾದುದು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆದುದರಿಂದ ಅದು ಸಿಹಿನೀರಿಗಿಂತ ಭಾರ. ಹಗುರವಾದ ಹೊಳೆನೀರು ಅದರ ಮೇಲೆ ತೆಳುವಾಗಿ ಹರಡಿ ತೇಲುತ್ತದೆ. ಕಡಲಿನೊಳಕ್ಕೆ ಚಾಚಿದ ಈ ನೀರಿಗೆ ವಿಜ್ಞಾನಿಗಳು ‘ಪ್ಲೂಮ್’ ಎನ್ನುತ್ತಾರೆ. ಪ್ಲೂಮ್ ಎಂದರೆ ಗರಿ. ನಾವೂ ಇದನ್ನು ‘ನದಿಯ ಗರಿ’ ಎನ್ನೋಣ.

ಈ ಗರಿಯಲ್ಲಿ ನೀರು, ಮಣ್ಣು ಮಾತ್ರವಲ್ಲದೆ ಸಾರಜನಕ, ರಂಜಕ ಮತ್ತು ಸಿಲಿಕಾನ್‌ಗಳ ಲವಣಗಳೂ ಕರಗಿರುತ್ತವೆ. ಗದ್ದೆಗೆ ಗೊಬ್ಬರ ಹೇಗೋ ಕಡಲಿಗೆ ಇವು ಹಾಗೆ. ಕಡಲಿನಲ್ಲಿ ಯಾವ ಬೆಳೆ ಎಂದು ಕೇಳಬಹುದು. ಬರಿಗಣ್ಣಿಗೆ ಕಾಣದ, ನೀರಿನೊಡನೆ ತೇಲುತ್ತಾ ಸಾಗುವ ಸಸ್ಯಪ್ಲವಕಗಳೇ ಆ ಬೆಳೆ. ಇವು ಸೂರ್ಯನ ಬೆಳಕಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸುತ್ತವೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಇವುಗಳದೇ. ಕಡಲಿನ ಮೀನುಗಳೆಲ್ಲ ನೇರವಾಗಿಯೋ ಬಳಸಿಯೋ ಬಹುಮಟ್ಟಿಗೆ ಇವುಗಳನ್ನೇ ನಂಬಿವೆ.

ಆದರೆ ಎಲ್ಲ ಪ್ಲವಕಗಳೂ ಒಂದೇ ಕಡೆ ಬೆಳೆಯುವುದಿಲ್ಲ. ಯಾವುದು ಎಲ್ಲಿ ಬೆಳೆಯಬೇಕೆಂಬುದನ್ನು ನದಿಯ ಗರಿ ಹೇಗೆ ನಿರ್ಣಯಿಸುತ್ತದೆಂದು ತಿಳಿಯಲು ದಕ್ಷಿಣ ಅಮೆರಿಕದ ಅಮೆಜಾನ್ ನದಿಯನ್ನು ನೋಡೋಣ. ಜಗತ್ತಿನ ನದಿಗಳೆಲ್ಲ ಕಡಲಿಗೆ ಸುರಿಯುವ ನೀರಿನಲ್ಲಿ ಐದರಲ್ಲೊಂದು ಪಾಲಿನಷ್ಟು ಇದೊಂದರದೇ. ಸೆಕೆಂಡಿಗೆ ಸುಮಾರು ಎರಡು ಲಕ್ಷ ಘನ ಮೀಟರ್! ಇದರ ಗರಿ ಅಟ್ಲಾಂಟಿಕ್ ಸಾಗರದ ಮೇಲೆ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಹರಡುವುದುಂಟು.

ನದಿಯ ಬಾಯಲ್ಲಿ ಗೊಬ್ಬರ ಹೇರಳ. ಆದರೆ ನೀರು ಕೆಸರಾಗಿರುವುದರಿಂದ ಬೆಳಕು ಒಳಗಿಳಿಯದು. ಅಲ್ಲಿ ಬೆಳೆ ಕಡಿಮೆ. ಸ್ವಲ್ಪ ಮುಂದೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಅಲ್ಲಿ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ. ಇವುಗಳ ಮೈಮೇಲೆ ಗಾಜಿನಂಥ ಚಿಪ್ಪು ಇರುತ್ತದೆ. ಅದನ್ನು ಕಟ್ಟಲು ನದಿ ತಂದ ಸಿಲಿಕಾನ್ ಬೇಕು. ಇನ್ನೂ ಮುಂದೆ ಹೋದರೆ ಸಾರಜನಕದ ಲವಣಗಳು ಮುಗಿದಿರುತ್ತವೆ, ರಂಜಕವೂ ಸಿಲಿಕಾನೂ ಉಳಿದಿರುತ್ತವೆ. ಇಲ್ಲಿದೆ ಸೋಜಿಗ. ಹೆಮಿಯಾಲಸ್ ಎಂಬ ಡಯಾಟಮ್ ತನ್ನೊಳಗೆ ರಿಚೀಲಿಯ ಎಂಬ ಪುಟ್ಟ ಜೀವಿಯನ್ನು ಇರಿಸಿಕೊಂಡಿರುತ್ತದೆ. ಉದ್ದು, ಹೆಸರು ಗಿಡಗಳ ಬೇರುಗಂಟಿನ ಬ್ಯಾಕ್ಟೀರಿಯಗಳು ಸಾರಜನಕವನ್ನು ಹಿಡಿದುಕೊಡುವುದನ್ನು ನೀವು ಪಾಠದಲ್ಲಿ ಓದಿದ್ದೀರಿ. ರಿಚೀಲಿಯ ಮಾಡುವುದೂ ಅದೇ ಕೆಲಸ.

ಗರಿಯ ಅಂಚನ್ನು ದಾಟಿದರೆ ಅಚ್ಚ ನೀಲಿ ಕಡಲು. ನೋಡಲು ಚೆಂದ, ಆದರೆ ಗೊಬ್ಬರದ ಬಡತನ. ಅಲ್ಲಿ ಅತಿ ಸಣ್ಣವರದೇ ರಾಜ್ಯ. 1988ರಲ್ಲಿ ವಿಜ್ಞಾನಿಗಳು ಜಗತ್ತಿಗೆ ಪರಿಚಯಿಸಿದ ಪ್ರೊಕ್ಲೊರೊಕಾಕಸ್ ಅವರಲ್ಲಿ ಮುಖ್ಯ. ಒಂದು ಮಿಲಿಮೀಟರಿನಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಜೀವಿಗಳನ್ನು ಸಾಲಾಗಿ ನಿಲ್ಲಿಸಬಹುದು. ಸಣ್ಣದಾಗಿರುವುದರಿಂದ ಏನು ಲಾಭ? ಲೆಕ್ಕ ಮಾಡಿ ನೋಡಿ. 2 ಸೆಂ.ಮೀ. ಬದಿಯ ಘನದ ಮೇಲ್ಮೈ 24, ಗಾತ್ರ 8. ಅಂದರೆ ಗಾತ್ರದ ಮೂರು ಪಟ್ಟು ಮೇಲ್ಮೈ. 1 ಸೆಂ.ಮೀ. ಘನಕ್ಕೆ ಮೇಲ್ಮೈ 6, ಗಾತ್ರ 1. ಅಂದರೆ ಆರು ಪಟ್ಟು. ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆಹಾರವನ್ನು ಹೀರುವುದು ಮೇಲ್ಮೈಯೇ ಆದುದರಿಂದ ಬಡ ನೀರಿನಲ್ಲಿಯೂ ಚಿಕ್ಕದು ಬದುಕಿಕೊಳ್ಳುತ್ತದೆ.

ನದಿಯ ಗರಿಯನ್ನು ಕತ್ತರಿಸಿದರೆ ಏನಾಗುತ್ತದೆ? ಈಜಿಪ್ಟಿನಲ್ಲಿ ಪ್ರತಿ ವರ್ಷ ನೈಲ್ ನದಿಯ ನೆರೆನೀರು ಮೆಡಿಟರೇನಿಯನ್ ಕಡಲಿಗೆ ಬಂದಾಗ ಡಯಾಟಮ್‌ಗಳು ಹಬ್ಬಿ, ಅವನ್ನು ಅರಸಿ ನಮ್ಮ ಬೂತಾಯಿಯ ಹತ್ತಿರದ ನಂಟನಾದ ಸಾರ್ಡೀನ್ ಮೀನು ಬರುತ್ತಿತ್ತು. 1962ರಲ್ಲಿ ಸುಮಾರು 18,000 ಟನ್ ಸಿಕ್ಕಿತ್ತು. ಆಸ್ವಾನಿನ ದೊಡ್ಡ ಅಣೆಕಟ್ಟು 1964ರಿಂದ ನೆರೆಯನ್ನು ತಡೆಯತೊಡಗಿತು. 1968ರ ಹೊತ್ತಿಗೆ ದೊರೆತದ್ದು ಕೆಲವು ನೂರು ಟನ್ ಮಾತ್ರ. ಅಣೆಕಟ್ಟಿನಿಂದ ಬೇಸಾಯಕ್ಕೆ ನೀರು, ಊರಿಗೆ ವಿದ್ಯುತ್ತು ಬಂತು ನಿಜ. ಅದರ ಬೆಲೆಯಲ್ಲಿ ಒಂದು ಪಾಲನ್ನು ಕಡಲತೀರದ ಬೆಸ್ತರು ತೆರಬೇಕಾಯಿತು.

ಅತಿಯಾದರೂ ಕೇಡೇ. ಅಮೆರಿಕದ ಮಿಸಿಸಿಪ್ಪಿ ನದಿಯು ಹೊಲಗಳ ರಸಗೊಬ್ಬರವನ್ನು ಹೊತ್ತು ಮೆಕ್ಸಿಕೊ ಕೊಲ್ಲಿಗೆ ಬರುತ್ತದೆ. ಪ್ಲವಕಗಳು ಮಿತಿಮೀರಿ ಬೆಳೆದು, ಸತ್ತು, ತಳಕ್ಕೆ ಬಿದ್ದು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತವೆ. 2017ರ ಬೇಸಗೆಯಲ್ಲಿ ಹೀಗೆ ಉಸಿರುಕಟ್ಟಿದ ಪ್ರದೇಶ 22,000 ಚದರ ಕಿಲೋಮೀಟರನ್ನು ಮೀರಿತ್ತು.

ನಮ್ಮ ಅರಬ್ಬೀ ಕಡಲಿನ ತೀರದಲ್ಲಿ ಮುಂಗಾರಿನ ಕಾಲಕ್ಕೆ ತಳದ ತಂಪು ನೀರು ಮೇಲೆದ್ದು ಬಹಳಷ್ಟು ಲವಣಗಳನ್ನು ತರುತ್ತದೆ. ಹೊಳೆಗಳೂ ತಮ್ಮ ಪಾಲನ್ನು ಕೂಡಿಸುತ್ತವೆ. ಆಗ ಹಬ್ಬುವ ಡಯಾಟಮ್‌ಗಳು ಬೂತಾಯಿ ಮೀನಿನ ಮುಖ್ಯ ಆಹಾರಗಳಲ್ಲೊಂದು. ಮನೆಯಲ್ಲಿ ಬೂತಾಯಿ ಸಾರು ಮಾಡಿದ ದಿನ ಇದನ್ನು ನೆನೆಯಬಹುದು. ಘಟ್ಟದ ಕಾಡು, ತೋಟದ ಗೊಬ್ಬರ, ತೋಡಿಗೆ ನಾವು ಎಸೆಯುವ ಕಸ, ಯಾವುದೂ ಅಳಿವೆಯಲ್ಲಿ ಮುಗಿದುಹೋಗುವುದಿಲ್ಲ. ಹೊಳೆಯನ್ನು ನಾವು ಹೇಗೆ ಕಳುಹಿಸುತ್ತೇವೆಯೋ ಕಡಲು ಹಾಗೆಯೇ ಅದನ್ನು ಬರಮಾಡಿಕೊಳ್ಳುತ್ತದೆ.