ತವರಿನ ಪಾಲು

ಹೆಣ್ಣುಮಗಳಿಗೆ ತವರಿನಿಂದ ಬರತಕ್ಕದ್ದು ಯಾವದು? ಅರಿಷಿಣ-ಕುಂಕುಮ, ಪಂಚಮಿಯ ಉಂಡಿ, ಬಾಣಂತನ, ಉಡಿ ತುಂಬಿದ ಒಂದು ಸೀರೆ, ಇಷ್ಟೆಂದು ನಮ್ಮ ಹಿರಿಯರು ಎಣಿಸುತ್ತ ಬಂದರು. ಕಾಯದೆಯು ಈಗ ಬೇರೊಂದು ಉತ್ತರವನ್ನು ಕೊಡುತ್ತಿರುವದು. ಅದನ್ನು ಮನೆಯ ಗಂಡಸರೂ ಹೆಂಗಸರೂ ಕೂಡಿಯೇ ತಿಳಿದುಕೊಳ್ಳುವದು ಅವಶ್ಯವೆಂದು ನಮಗೆ ತೋರುವದು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಏಕತ್ರ ಕುಟುಂಬಕ್ಕೆ ಅಜ್ಜನ ಕಾಲದ ಕಿರಾಣಿ ಅಂಗಡಿಯೊಂದು ಇರುವದೆಂದು ವಾಚಕರು ಭಾವಿಸಲಿ. ತಂದೆ, ಇಬ್ಬರು ಗಂಡುಮಕ್ಕಳು, ಮದುವೆಯಾದ ಒಬ್ಬ ಮಗಳು. ತಾಯಿಯು ಮೊದಲೇ ತೀರಿಕೊಂಡಿರುವಳು. ಅಂಗಡಿಯ ಬೆಲೆಯನ್ನು 90 ಲಕ್ಷ ರೂಪಾಯಿ ಎಂದು ಹಿಡಿಯೋಣ. ತಂದೆಯು ಮೃತ್ಯುಪತ್ರ ಮಾಡದೆ ತೀರಿಕೊಂಡರೆ ಮಗಳಿಗೆಷ್ಟು?

ಕನ್ನಡ ನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರವೇ ಈ ಭಾಗದ ಹಿಂದೂ ಕುಟುಂಬಗಳಿಗೆ ಆಧಾರವಾಗಿದ್ದಿತು. ಅದರಿಂದ ಬೆಳೆದು ಬಂದ ನಿಯಮದಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಮಗಳಿಗೆ ಆ ಹಕ್ಕು ಇಲ್ಲ. 1937ರ ಕಾಯದೆಯು ವಿಧವೆಗೆ ಗಂಡನ ಪಾಲನ್ನು ಕೊಟ್ಟಿತಾದರೂ ಅದು ಅವಳ ಜೀವಮಾನಕ್ಕೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ಸ್ತ್ರೀಯ ಆಸ್ತಿಯನ್ನು ಪೂರ್ಣ ಅವಳದೆಂದು ಸಾರಿತು. ಮಗಳನ್ನು ತಂದೆಯ ವಾರಸುದಾರಳನ್ನಾಗಿಯೂ ಮಾಡಿತು. ಈ ಕಾಯದೆಯು ಜೈನರಿಗೂ ಲಿಂಗವಂತರಿಗೂ ಅನ್ವಯಿಸುವದು.

ಆದರೆ ಆಗಿನ ಲೆಕ್ಕವನ್ನು ನೋಡಿರಿ. ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ತಲಾ 30 ಲಕ್ಷ. ಬಳಿಕ ತಂದೆಯ 30 ಲಕ್ಷವು ಮೂವರು ಮಕ್ಕಳಲ್ಲಿ ಹಂಚಿ ತಲಾ 10 ಲಕ್ಷ. ಹೀಗೆ ಅಣ್ಣತಮ್ಮಂದಿರಿಗೆ 40 ಲಕ್ಷ, ಮಗಳಿಗೆ 10 ಲಕ್ಷ. ಇಷ್ಟಲ್ಲದೆ, ವಾಸದ ಮನೆಯ ವಾಟಣಿಯನ್ನು ಗಂಡು ವಾರಸುದಾರರು ಮನಸ್ಸು ಮಾಡುವ ತನಕ ಅವಳು ಕೇಳುವಂತಿರಲಿಲ್ಲ.

ಕರ್ನಾಟಕ ಸರಕಾರವು 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ದೊರೆಯಲಿಲ್ಲ. 2005ರ ಸಪ್ಟಂಬರ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯ ಭೇದವನ್ನು ಎಣಿಸದೆ ಮಗಳನ್ನು ಮಗನ ಸರಿಸಮಕ್ಕೆ ತಂದಿತು. ವಾಸದ ಮನೆಯ ತಡೆಯನ್ನೂ ಕಿತ್ತುಹಾಕಿತು. ಈಗ ನಮ್ಮ ಅಂಗಡಿಯಲ್ಲಿ ಮೂವರಿಗೂ ತಲಾ 30 ಲಕ್ಷ.

ಈ ಮಾತು ನೆಲೆಗೊಳ್ಳುವ ಪೂರ್ವದಲ್ಲಿ ಬೆಳಗಾವಿಯ ಒಂದು ದಾವೆಯು ದೇಶದ ವಕೀಲರಿಗೆಲ್ಲ ಪರಿಚಿತವಾಯಿತು. 1988ರಲ್ಲಿ ತಂದೆಯನ್ನು ಕಳೆದುಕೊಂಡ ಮಗಳೊಬ್ಬಳು 1992ರಲ್ಲಿ ಇಲ್ಲಿಯ ಕೋರ್ಟಿನಲ್ಲಿ ಪಾಲು ಕೇಳಿದಳು. ದಾವೆಯು ನಡೆದಿರುವಾಗಲೇ ಹೊಸ ಕಾಯದೆ ಬಂದಿತು. ಹಾಯಕೋರ್ಟು ಅವಳ ಕಡೆಗೆ ಒಲಿಯಿತು. ಆದರೆ 2015ರಲ್ಲಿ ಸುಪ್ರೀಮ ಕೋರ್ಟು, 2005ರ ಆ ದಿನದಂದು ತಂದೆ ಮಗಳು ಇಬ್ಬರೂ ಜೀವಿಸಿದ್ದರೆ ಮಾತ್ರ ಹೊಸ ಹಕ್ಕು ಎಂದಿತು. 2020ರ ಅಗಸ್ಟ 11ರಂದು ಬೇರೊಂದು ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳು ಆ ನಿರ್ಣಯವನ್ನು ತಳ್ಳಿಹಾಕಿದರು: ಹಕ್ಕು ಹುಟ್ಟಿನಿಂದ ಬಂದದ್ದು, ಅಂದಬಳಿಕ ಆ ದಿನ ತಂದೆಯು ಇದ್ದನೋ ಇಲ್ಲವೋ ಎಂಬ ಪ್ರಶ್ನೆಯೇ ಏಳದು.

ಆದರೂ ಮಿತಿಗಳುಂಟು. 2004ರ ದಶಂಬರ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದ ಇಲ್ಲವೆ ಕೋರ್ಟಿನ ಹುಕುಮನಾಮೆಯಿಂದ ಆದ ವಾಟಣಿಯನ್ನು ಈ ಹಕ್ಕು ಅಲುಗಿಸದು. ಬಾಯಿಮಾತಿನ ವಾಟಣಿಯನ್ನು, ಸರಕಾರೀ ದಾಖಲೆಗಳ ಬಲವಿದ್ದ ಅಪರೂಪದ ಪ್ರಸಂಗದ ಹೊರತು, ಕೋರ್ಟು ಮನ್ನಿಸದು. ತಂದೆಯು ಸ್ವಂತ ಗಳಿಸಿದ್ದನ್ನಂತೂ ಮೃತ್ಯುಪತ್ರದಿಂದ ಯಾರಿಗಾದರೂ ಕೊಡಬಹುದು. ಐರ್ಲಂಡಿನಲ್ಲಿಯೂ ಮೊದಲು ಹೀಗೆಯೇ ಇದ್ದು, ಗಂಡನು ಹೆಂಡತಿಗೆ ಏನನ್ನೂ ಬಿಡದೆ ಹೋಗಬಹುದಾಗಿತ್ತು. 1965ರ ಅಲ್ಲಿಯ ಕಾಯದೆಯು, ಮಕ್ಕಳಿಲ್ಲದಿದ್ದರೆ ಅರ್ಧ, ಇದ್ದರೆ ಮೂರರಲ್ಲೊಂದು ಪಾಲು ಹೆಂಡತಿಗೆ ಸಲ್ಲತಕ್ಕದ್ದೆಂದು ಕಟ್ಟು ಮಾಡಿತು. ನಮ್ಮ ಉತ್ತರಾಧಿಕಾರ ಕಾಯದೆಯಲ್ಲಿ ಅಂಥ ಕಟ್ಟು ಇಲ್ಲ.

ಕಾಯದೆಯ ಮಾತು ಇಷ್ಟಾಯಿತು. ರೂಢಿಯ ಮಾತು ಬೇರೆ. ತಂದೆಯ ದಿನಕರ್ಮ ಮುಗಿಯುವದರೊಳಗಾಗಿ, "ತಂಗೀ, ಇಲ್ಲೊಂದು ಸಹಿ ಮಾಡವ್ವಾ" ಎಂದು ಹಕ್ಕು ಬಿಟ್ಟುಕೊಡುವ ಪತ್ರವು ಮುಂದೆ ಬರುವದುಂಟು. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ಓದದೆ ಸಹಿ ಹಾಕುವಳು. ನೋಂದಣಿಯಾದ ಮೇಲೆ ಅದನ್ನು ಹಿಂದೆಗೆಯುವದು ಸುಲಭವಲ್ಲ.

ಅಣ್ಣತಮ್ಮಂದಿರೊಡನೆ ಹೊಡೆದಾಡಿರೆಂದು ನಾವು ಸೋದರಿಯರಿಗೆ ಹೇಳುತ್ತಿಲ್ಲ. ಪತ್ರವನ್ನು ಓದಿಸಿ ಕೇಳಿರಿ, ಉತಾರದಲ್ಲಿ ಯಾರ ಹೆಸರುಗಳಿರುವವೆಂದು ನೋಡಿರಿ, ತಿಳಿದವರೊಬ್ಬರನ್ನು ವಿಚಾರಿಸಿರಿ. ಆ ಮೇಲೆ ಬಿಡುವದಿದ್ದರೆ ಮನಸಾರೆ ಬಿಡಿರಿ. ತಿಳಿದು ಕೊಟ್ಟದ್ದು ದಾನ. ತಿಳಿಯದೆ ಹೋದದ್ದು ನಷ್ಟ. ಅಣ್ಣಂದಿರಿಗೂ ಒಂದು ಮಾತು: ಪಾಲು ಕೇಳಿದ ತಂಗಿಯು ತವರಿಗೆ ವೈರಿಯಾದಳೆಂದು ಬಗೆಯಬಾರದು. ತನ್ನದನ್ನು ತಾನು ಕೇಳಿದವಳಿಗೆ ಪಂಚಮಿಯ ಕರೆಯನ್ನು ತಪ್ಪಿಸುವದು ಯಾವ ಶಾಸ್ತ್ರಕ್ಕೂ ಒಪ್ಪುವದಲ್ಲ.